ಹಳೆಯ ಆಸಿಲೋಸ್ಕೋಪಿನ ಒಳಗಿನ ಪಿಸಿ: ಏನು ಬದಲಾಯಿಸಬಹುದು, ಏನು ಮುಟ್ಟಬಾರದು?

ಪ್ರಶ್ನೆ:
ಲ್ಯಾಬಿನಲ್ಲಿ ಅಜಿಲೆಂಟ್ 54831ಬಿ ಆಸಿಲೋಸ್ಕೋಪ್ (ವಿದ್ಯುತ್ ಸಂಕೇತದ ಅಲೆಯನ್ನು ತೆರೆಯಲ್ಲಿ ತೋರಿಸುವ ಉಪಕರಣ) ಇದೆ. 600 ಮೆಗಾಹರ್ಟ್ಸ್, ನಾಲ್ಕು ಚಾನೆಲ್, ವಿಂಡೋಸ್ ಎಕ್ಸ್‌ಪಿ. ಅಳತೆ ಸರಿಯಾಗಿಯೇ ಬರುತ್ತದೆ, ಬೂಟ್ ಆಗುವುದು ಮಾತ್ರ ನಿಧಾನ. ಒಳಗಿರುವುದು 2.5 ಇಂಚಿನ ಹಳೆಯ ಐಡಿಇ (ಹಿಂದಿನ ಕಾಲದ ಅಗಲ ಕೇಬಲ್ ಜೋಡಣೆಯ) ಡಿಸ್ಕ್. ಎಸ್‌ಎಸ್‌ಡಿ, ಹೆಚ್ಚು ರ್‍ಯಾಮ್, ಸಾಧ್ಯವಾದರೆ ಹೊಸ ಮದರ್‌ಬೋರ್ಡೇ ಹಾಕುವ ಆಲೋಚನೆಯಿದೆ. ಯಾವುದರಿಂದ ಶುರು ಮಾಡಲಿ?

ಉತ್ತರ 1:
ಮೊದಲು ಡಿಸ್ಕಿನ ನಕಲು, ಮಿಕ್ಕದ್ದೆಲ್ಲ ಆಮೇಲೆ. ಡಿಸ್ಕ್ ಬಿಚ್ಚಿ ಯುಎಸ್‌ಬಿ-ಐಡಿಇ ಅಡಾಪ್ಟರ್ ಮೂಲಕ ಲಿನಕ್ಸ್ ಯಂತ್ರಕ್ಕೆ ಜೋಡಿಸಿ, ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶದಲ್ಲಿ ಇಡೀ ಡಿಸ್ಕನ್ನು ಇಮೇಜ್ ಮಾಡಿ (ಸೆಕ್ಟರ್ ಸೆಕ್ಟರಾಗಿ ಒಂದೇ ಫೈಲಿಗೆ ನಕಲಿಸಿ). ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿರಿ, ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಯುತ್ತದೆ. ಬರೀ ಫೈಲುಗಳನ್ನು ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ.

ಆ ಇಮೇಜ್ ಬರೆಯುವ ಹೊಸ ಡಿಸ್ಕಾಗಿ ಎಂಸಾಟಾ (ಚಿಕ್ಕ ಕಾರ್ಡಿನ ರೂಪದ) ಎಸ್‌ಎಸ್‌ಡಿ ಮತ್ತು 44 ಪಿನ್ನಿನ ಐಡಿಇ ಅಡಾಪ್ಟರ್ ಒಳ್ಳೆಯದು. ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಬೇಡ. ಅಂಥವನ್ನು ಎಕ್ಸ್‌ಪಿ ಸಾಮಾನ್ಯವಾಗಿ ರಿಮೂವಬಲ್ ಡಿಸ್ಕ್ ಎಂದೇ ನೋಡುತ್ತದೆ, ಪೇಜ್ ಫೈಲಿಗೆ (ರ್‍ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ತಕರಾರು ಬರುತ್ತದೆ. ಹಳೆಯ ಬಯೋಸ್‌ಗಳಲ್ಲಿ (ಬೂಟ್ ಶುರು ಮಾಡುವ, ಮದರ್‌ಬೋರ್ಡಿನ ತಂತ್ರಾಂಶ) ಕೆಲವು 32 ಜಿಬಿ ದಾಟಿದರೆ ತಡವರಿಸುತ್ತವೆ, ಹಾಗಾಗಿ 32 ಜಿಬಿಯದೇ ಕ್ಷೇಮ. ಆದರೆ ಸೆಕ್ಟರ್ ಲೆಕ್ಕದಲ್ಲಿ ಅದು ಹಳೆಯ ಡಿಸ್ಕಿಗಿಂತ ಚಿಕ್ಕದಾಗಿರಬಾರದು.

ಕನೆಕ್ಟರ್ ಕೂರಿಸುವಾಗ ಕಣ್ಣಿಟ್ಟು ನೋಡಿ. 20ನೇ ಪಿನ್ ಇರಬೇಕಾದ ಜಾಗ ಖಾಲಿ ಇರುತ್ತದೆ, ಅದೇ ಗುರುತು. 41, 42ರಲ್ಲಿ 5 ವೋಲ್ಟ್ ಬರುತ್ತದೆ. ಒಂದು ಜೋಡಿ ಪಿನ್ ಆಚೀಚೆ ಜಾರಿದರೆ ಅಡಾಪ್ಟರ್ ಸುಟ್ಟುಹೋಗಬಹುದು.

ಉತ್ತರ 2:
ಇನ್ನೊಂದು ಸೇರಿಸುತ್ತೇನೆ. ಎಸ್‌ಎಸ್‌ಡಿ ಹಾಕಿದ ಮೇಲೆ ಮೊದಲಿಗಿಂತ ನಿಧಾನವಾದರೆ ಡಿವೈಸ್ ಮ್ಯಾನೇಜರಿನಲ್ಲಿ ಪ್ರೈಮರಿ ಐಡಿಇ ಚಾನೆಲ್ ನೋಡಿ. ಕೇಬಲ್ ತಾಳದ ವೇಗದಲ್ಲಿ ಅಡಾಪ್ಟರ್ ಓಡಿದರೆ ಸಿಆರ್‌ಸಿ ದೋಷಗಳು (ಡೇಟಾ ಸಾಗುವಾಗ ಆಗುವ ತಪ್ಪುಗಳು) ಬರುತ್ತವೆ. ಅವು ಆರಾದರೆ ಎಕ್ಸ್‌ಪಿ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ, ಹೀಗೇ ಇಳಿದು ಪಿಐಒ ಎಂಬ ತೀರಾ ನಿಧಾನದ ವಿಧಾನಕ್ಕೆ ಬಂದು ನಿಲ್ಲುತ್ತದೆ. ಬಯೋಸ್‌ನಲ್ಲಿ ಆಯ್ಕೆ ಇದ್ದರೆ ಯುಡಿಎಂಎ 2 ಎಂಬ ಕಡಿಮೆ ವೇಗಕ್ಕೆ ಕಟ್ಟಿ, ಆ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಬೂಟ್ ಮಾಡಿ.

ಉತ್ತರ 3:
ಮದರ್‌ಬೋರ್ಡ್ ಕೆಟ್ಟಿಲ್ಲದಿದ್ದರೆ ದಯವಿಟ್ಟು ಮುಟ್ಟಬೇಡಿ. ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್ಪುಗಳು) ಬದಲಾದರೆ ಹಳೆಯ ಎಕ್ಸ್‌ಪಿ 7ಬಿ (ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂಬ ದೋಷ) ನೀಲಿ ತೆರೆಯಲ್ಲಿ ನಿಲ್ಲುವುದೇ ಹೆಚ್ಚು. ಬ್ಯಾಂಡ್‌ವಿಡ್ತ್, ಸ್ಯಾಂಪಲ್ ರೇಟ್ ಎರಡೂ ಸಂಕೇತವನ್ನು ಅಳೆಯುವ ಅಕ್ವಿಸಿಷನ್ ಬೋರ್ಡಿನದು, ಪಿಸಿ ಎಷ್ಟೇ ವೇಗವಾದರೂ ಅವು ಬದಲಾಗವು. ರ್‍ಯಾಮ್ ಹಾಕಿದರೂ ಅಷ್ಟೆ, ವೇವ್‌ಫಾರ್ಮ್ ಮೆಮೊರಿ ಹೆಚ್ಚುವುದಿಲ್ಲ. ಹಾಕಲೇಬೇಕೆಂದರೆ ಚಿಪ್‌ಸೆಟ್ ನಂಬರ್ ಓದಿಕೊಳ್ಳಿ: ಇಂಟೆಲ್ 815 ಆದರೆ ಒಟ್ಟು ಮಿತಿ 512 ಎಂಬಿ.

ಮುಚ್ಚಳ ಹೇಗೂ ತೆಗೆದಿರುತ್ತೀರಿ, ಬಯೋಸ್ ಸೆಟ್ಟಿಂಗುಗಳನ್ನು ಉಳಿಸುವ ಸಿಆರ್2032 ಸೆಲ್ ಬದಲಿಸಿಬಿಡಿ. ಅದಕ್ಕೂ ಮೊದಲು ಬಯೋಸ್‌ನ ಪ್ರತಿ ಪುಟದ ಫೋಟೋ ತೆಗೆಯಿರಿ. ಸಿಪಿಯು ಸುತ್ತಲಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅವನ್ನೂ ಬದಲಿಸಿ, ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆ ಇರುವ), 105 ಡಿಗ್ರಿಯವು. ಎಲ್ಲ ಮುಚ್ಚಿ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಯೂಸರ್ ಕ್ಯಾಲಿಬ್ರೇಷನ್ (ಸ್ಕೋಪ್ ತನ್ನ ಅಳತೆಯನ್ನು ತಾನೇ ಸರಿಹೊಂದಿಸಿಕೊಳ್ಳುವ ಕ್ರಮ) ಓಡಿಸಿ.