ಖಾಲಿ ಪೆಟ್ಟಿಗೆ ಇಟ್ಟರೂ ಜೇನು ಕೂರುತ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ತುಡುವೆ ಜೇನು ಹಿಡಿಯೋಣ ಅಂತ ನಾನೇ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ, ಒಳಗೂ ಹೊರಗೂ ಪೇಂಟ್ ಬಳಿದು ಅಂಗಳದ ತುದಿಯಲ್ಲಿ ಇಟ್ಟಿದ್ದೇನೆ. ಒಳಗೆ ಒಂದು ತಟ್ಟೆ ಸಕ್ಕರೆ ಪಾಕವೂ ಇದೆ. ದೀಪಾವಳಿ ಕಳೆದು ತಿಂಗಳಾಯ್ತು, ಬಂದದ್ದು ಇರುವೆ ಮಾತ್ರ. ಏನು ತಪ್ಪಾಗಿದೆ ಸಾರ್?

ಉತ್ತರ: ಮೊದಲು ಆ ಪಾಕ ತೆಗೀರಿ ಮಾರಾಯ್ರೆ. ಪಾಲಾಗಿ, ಅಂದರೆ ಗೂಡಿನ ಹಿಂಡು ಒಡೆದು ಹೊಸ ಮನೆ ಹುಡುಕಿ ಹೊರಟ ಜೇನಿಗೆ ಊಟ ಬೇಡ, ಹೊಟ್ಟೆ ತುಂಬ ತುಪ್ಪ ಕುಡಿದೇ ಗೂಡು ಬಿಟ್ಟಿರುತ್ತದೆ. ಅದಕ್ಕೆ ಬೇಕಾದದ್ದು ಮನೆ. ಒಣಗಿರಬೇಕು, ಕತ್ತಲಿರಬೇಕು, ಹಳೇ ಜೇನುಮೇಣದ ವಾಸನೆ ಇರಬೇಕು. ಪೇಂಟಿನ ವಾಸನೆಗೆ ಅದು ಹತ್ತಿರವೂ ಬರುವುದಿಲ್ಲ. ಒಳಗಿನದನ್ನು ಪೂರ್ತಿ ಕೆರೆದು, ಮೇಣ ಕರಗಿಸಿ ಗೋಡೆಗೂ ಚೌಕಟ್ಟಿನ ಮೇಲುಪಟ್ಟಿಗೂ ಸವರಿ. ಹಳೇ ಎರಿಯನ್ನೇ (ಜೇನು ಕಟ್ಟಿದ ಮೇಣದ ತಟ್ಟಿ) ಇಡಬೇಡಿ, ಮೇಣದ ಹುಳು ಬೀಳುತ್ತದೆ. ಮಜ್ಜಿಗೆಹುಲ್ಲಿನ ಎಣ್ಣೆ ಒಂದೆರಡು ಹನಿ ಹಾಕಿದರೆ ಒಳ್ಳೇದು, ಜೇನುಹುಳುಗಳು ಒಂದನ್ನೊಂದು ಕರೆಯುವಾಗ ಬಿಡುವ ವಾಸನೆಯಲ್ಲಿ ಇರುವ ಸಿಟ್ರಾಲ್ ಅದರಲ್ಲೂ ಇದೆ. ಬಾಗಿಲು ಪೆನ್ಸಿಲ್ ದಪ್ಪದ ಸೀಳು, ಮೂರು ಇಂಚು ಉದ್ದ ಸಾಕು. ಅಂಗಳ ಬಿಡಿ, ತೋಟದ ಅಂಚಿನ ನೆರಳಲ್ಲಿ ಎದೆಮಟ್ಟಕ್ಕೆ ಇಡಿ. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಮರೆಯಬೇಡಿ.

ಪ್ರಶ್ನೆ: ಹಾಗೇ ಮಾಡಿದೆ ಸಾರ್. ನಿನ್ನೆಯಿಂದ ಹತ್ತಿಪ್ಪತ್ತು ಹುಳ ಒಳಗೆ ಹೊರಗೆ ಓಡಾಡ್ತಿವೆ. ಕೂತಿತು ಅಂತಲಾ?

ಉತ್ತರ: ಇನ್ನೂ ಇಲ್ಲ. ಅವು ಮನೆ ನೋಡಲು ಬಂದವು, ಹೆಣ್ಣು ನೋಡಲು ಬಂದವರ ಹಾಗೆ, ಒಪ್ಪದೆಯೂ ಹೋಗಬಹುದು. ಸುಮ್ನೆ ಮುಚ್ಚಳ ತೆಗೆದು ನೋಡ್ತಾ ಇರಬೇಡಿ. ಹಿಂಡು ಬಂದು ಸೇರಿದ ಮೇಲೂ ದೂರದಿಂದಲೇ ಬಾಗಿಲು ನೋಡಿ. ಕಾಲಿಗೆ ಪರಾಗ ಮೆತ್ತಿಕೊಂಡು ಹುಳಗಳು ಒಂದೇ ಸಮನೆ ಒಳಗೆ ಹೋಗ್ತಾ ಇದ್ದರೆ ರಾಣಿ ಮೊಟ್ಟೆ ಇಡಲು ಶುರುಮಾಡಿದೆ ಅಂತ ಬಹುತೇಕ ನಂಬಬಹುದು. ಮರಿ ಇರುವ ಎರಿಯನ್ನು ತುಡುವೆ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಬೇರೆ ಪೆಟ್ಟಿಗೆ ಇದ್ದವರಾದರೆ ಮೊದಲ ದಿನವೇ ಮರಿ ಇರುವ ಒಂದು ಎರಿ ಕೊಟ್ಟುಬಿಡಿ, ಅದಕ್ಕಿಂತ ಗಟ್ಟಿ ಕಟ್ಟು ಇಲ್ಲ.

ಪ್ರಶ್ನೆ: ನಮ್ಮಲ್ಲಿ ಬೇರೆ ಪೆಟ್ಟಿಗೆ ಇಲ್ವಲ್ಲ. ಬಾಗಿಲಿಗೆ ರಾಣಿ ಹೊರಗೆ ಹೋಗದ ಹಾಗೆ ತಡೆಯುವ ರಾಣಿ ಗೇಟು ಹಾಕಲಾ?

ಉತ್ತರ: ಹಾಕಬಹುದು, ಆದರೆ ಯಾವ ರಾಣಿ ಅಂತ ಗೊತ್ತಿರಬೇಕು. ಮೊದಲ ಪಾಲಿನಲ್ಲಿ ಹಳೇ ರಾಣಿ ಬರುತ್ತದೆ, ನಾಲ್ಕೈದು ದಿನ ಗೇಟು ಹಾಕಿದರೆ ತೊಂದರೆ ಇಲ್ಲ. ಆಮೇಲಿನ ಪಾಲುಗಳಲ್ಲಿ ಬರುವುದು ಹೊಸ ರಾಣಿ. ಅದು ಗಂಡುಹುಳಗಳನ್ನು ಕೂಡಲು ಹೊರಗೆ ಹಾರಲೇಬೇಕು, ಗೇಟು ಹಾಕಿದರೆ ಸಂಸಾರವೇ ಮುಗಿಯಿತು. ಗೊತ್ತಾಗದಿದ್ದರೆ ಗೇಟು ಬೇಡ, ಇರುವೆ ನೋಡ್ಕೊಳ್ಳಿ ಸಾಕು.