ಸಮಸ್ಯೆ: ಕಲ್ಲಿನ ಗುಂಡಿನ ಸೊಂಟಕ್ಕೆ ಡಾಬು ಕಟ್ಟಿದ ಹಾಗೆ ಮಂಕು ಪಟ್ಟಿ, ಹೋಗ್ತಾನೇ ಇಲ್ಲ

ಭೋಸರಿ_ಟರ್ನರ್ (ಪುಣೆ), ಶನಿವಾರ ರಾತ್ರಿ 11:10

ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಈ ಹೊತ್ತಿನಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲೇ ಕಲ್ಲಿನ ಗುಂಡು ಮಾಡುತ್ತಿದ್ದೇನೆ. 62 ಮಿಮೀ. ಎದುರುಬದುರು ಎರಡು ಡ್ರಿಲ್, ಅವುಗಳ ತುದಿಗೆ ಎರಡು ಕಪ್, ನಡುವೆ ಕಲ್ಲು, ಎಲ್ಲರೂ ಮಾಡುವ ಹಾಗೆ. ಉಜ್ಜುವ ಪೌಡರ್ 80, 220, 400, 600, 1000 ಎಲ್ಲ ಮುಗಿಸಿದೆ (ನಂಬರ್ ಏರಿದಷ್ಟೂ ನಯ). ಆಮೇಲೆ ಫೆಲ್ಟ್ ಅಂಟಿಸಿದ ಕಪ್‌ನಲ್ಲಿ ಹೊಳಪು ಕೊಡುವ ಪೌಡರ್, ಸೀರಿಯಂ ಆಕ್ಸೈಡ್ ಹಾಕಿದೆ. ಎರಡು ಕಡೆ ಕನ್ನಡಿ ಆಗಿದೆ, ಟ್ಯೂಬ್‌ಲೈಟ್ ಕಾಣುತ್ತದೆ. ನಡುವೆ ಮಾತ್ರ ಮೂರು ಬೆರಳಗಲ ಮಂಕು ಪಟ್ಟಿ. ಇನ್ನೂ ನಾಲ್ಕು ಗಂಟೆ ಓಡಿಸಿದೆ. ಕನ್ನಡಿ ಇನ್ನಷ್ಟು ಕನ್ನಡಿ ಆಯಿತು, ಪಟ್ಟಿ ಪಟ್ಟಿಯಾಗಿಯೇ ಉಳಿಯಿತು.

ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೇನೆ. ಏನು ತಪ್ಪು?

ಘಾಟ್ಕೋಪರ್_ಪಾಲಿಶ್ (ಮುಂಬೈ), ಶನಿವಾರ ರಾತ್ರಿ 11:26

ಪೌಡರ್ ಡೂಪ್ಲಿಕೇಟ್. ನೂರಕ್ಕೆ ನೂರು. ನಾನು ಕನ್ನಡಿ, ಗಾಜಿನ ಕೆಲಸದಲ್ಲಿ 22 ವರ್ಷ ಇದ್ದೇನೆ. ಸೀರಿಯಂಗೆ ಏನೇನೋ ಬೆರೆಸಿ ಮಾರುತ್ತಾರೆ. ನಿಮ್ಮದು ಯಾವ ಬಣ್ಣ?

ಭೋಸರಿ_ಟರ್ನರ್, ಶನಿವಾರ ರಾತ್ರಿ 11:31

ಕೆನೆ ಬಣ್ಣ. ಸ್ವಲ್ಪ ಗುಲಾಬಿ ಛಾಯೆ.

ಘಾಟ್ಕೋಪರ್_ಪಾಲಿಶ್, ಶನಿವಾರ ರಾತ್ರಿ 11:33

ನೋಡಿ, ಹೇಳಲಿಲ್ವಾ!

ಶಾಕ್_ಹೊಡೆದವನು (ಡೊಂಬಿವಲಿ), ಭಾನುವಾರ ಬೆಳಿಗ್ಗೆ 7:05

ಪೌಡರ್ ವಿಚಾರ ಆಮೇಲೆ. ಡ್ರಿಲ್‌ನ ವೇಗ ಯಾವುದರಿಂದ ಇಳಿಸಿದ್ದೀರಿ? ನೀರು ಎಲ್ಲಿಂದ ಬೀಳುತ್ತಿದೆ? ಎರಡು ಕರೆಂಟ್ ಡ್ರಿಲ್ ನಡುವೆ ನೀರು ತೊಟ್ಟಿಕ್ಕಿಸಿಕೊಂಡು ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದೆ ಕೂತಿದ್ದರೆ, ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ಚರ್ಚೆ ಮಾಡಿ.

ಭೋಸರಿ_ಟರ್ನರ್, ಭಾನುವಾರ ಬೆಳಿಗ್ಗೆ 8:40

ಇಎಲ್‌ಸಿಬಿ ಇದೆ ಸರ್. ನೀರು ಸಲೈನ್ ಬಾಟಲಿಯ ಪೈಪಿನಿಂದ, ತೊಟ್ಟು ತೊಟ್ಟಾಗಿ. ವೇಗಕ್ಕೆ ಫ್ಯಾನ್ ರೆಗ್ಯುಲೇಟರ್.

ಶಾಕ್_ಹೊಡೆದವನು, ಭಾನುವಾರ ಬೆಳಿಗ್ಗೆ 8:44

ಫ್ಯಾನ್ ರೆಗ್ಯುಲೇಟರಾ! 500 ವಾಟ್ ಡ್ರಿಲ್‌ಗೆ? ಅದು ಎಳೆಯೋದು ಎಷ್ಟು, ಇದು ತಡೆಯೋದು ಎಷ್ಟು? ಇನ್ನೊಂದು ಮಾತು. ಡ್ರಿಲ್ ತಣ್ಣಗಾಗುವುದು ಅದರೊಳಗಿನ ಫ್ಯಾನ್‌ನಿಂದ. ನೀವು ವೇಗ ಇಳಿಸಿದರೆ ಆ ಫ್ಯಾನ್ ಕೂಡ ನಿಧಾನ. ನಾಲ್ಕು ಗಂಟೆ ಹಾಗೆ ಓಡಿಸಿದರೆ ವೈಂಡಿಂಗ್ ಸುಟ್ಟು ವಾಸನೆ ಬರುತ್ತದೆ.

ಭೋಸರಿ_ಟರ್ನರ್, ಭಾನುವಾರ ಬೆಳಿಗ್ಗೆ 8:50

ವಾಸನೆ ಬಂದಿತ್ತು. ಫೆಲ್ಟ್‌ದು ಅಂದುಕೊಂಡೆ.

ಘಾಟ್ಕೋಪರ್_ಪಾಲಿಶ್, ಭಾನುವಾರ ಬೆಳಿಗ್ಗೆ 9:15

ಕರೆಂಟ್ ವಿಷಯಕ್ಕೆ ಬೇರೆ ಜಾಗ ಇದೆ. ಇಲ್ಲಿ ಪಾಲಿಶ್ ಬಗ್ಗೆ ಮಾತಾಡೋಣ. ಟರ್ನರ್ ಅವರೇ, ಒಂದು ಪರೀಕ್ಷೆ ಮಾಡಿ. ಹಳೆ ಗಾಜಿನ ತುಂಡನ್ನು 1000ರಲ್ಲಿ ಉಜ್ಜಿ ಮಂಕು ಮಾಡಿ. ಅದೇ ಫೆಲ್ಟ್, ಅದೇ ಪೌಡರ್, ಹತ್ತು ನಿಮಿಷ. ಹೊಳೆಯದಿದ್ದರೆ ಪೌಡರನ್ನು ಗಟಾರಕ್ಕೆ ಎಸೆಯಿರಿ.

ಭೋಸರಿ_ಟರ್ನರ್, ಭಾನುವಾರ ಮಧ್ಯಾಹ್ನ 1:20

ಮಾಡಿದೆ. ಗಾಜು ಫಳಫಳ ಹೊಳೆಯುತ್ತಿದೆ.

ಘಾಟ್ಕೋಪರ್_ಪಾಲಿಶ್, ಭಾನುವಾರ ಮಧ್ಯಾಹ್ನ 1:32

ಗಾಜಿಗೆ ಬರುತ್ತದೆ. ಕಲ್ಲಿಗೆ ಬೇರೆ ದರ್ಜೆಯ ಪೌಡರ್ ಬೇಕು.

ಕಲ್ಲುಹುಚ್ಚಿ (ಪುಣೆ), ಭಾನುವಾರ ಮಧ್ಯಾಹ್ನ 2:05

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಕಥೆ ಆಯಿತು ಇದು. ಅರ್ಧ ದಿನದಿಂದ ಪೌಡರ್, ಪೌಡರ್. ಯಾವ ಕಲ್ಲು ಅಂತ ಯಾರೂ ಕೇಳಿಯೇ ಇಲ್ಲ! ಅಗೇಟ್ ಆದರೆ ಸೀರಿಯಂ ಸರಿ. ಶಹಾಬಾದ್ ಕಲ್ಲೋ ಅಮೃತಶಿಲೆಯೋ ಆದರೆ ಸೀರಿಯಂ ಹಚ್ಚಿ ಉಪಯೋಗವಿಲ್ಲ. ಟರ್ನರ್, ಯಾವ ಕಲ್ಲಪ್ಪಾ ಅದು?

ಭೋಸರಿ_ಟರ್ನರ್, ಭಾನುವಾರ ಮಧ್ಯಾಹ್ನ 2:11

ಪುಣೆಯಲ್ಲಿ ಇನ್ಯಾವುದು ಸಿಗುತ್ತದೆ ಮೇಡಂ? ಕರಿ ಕಲ್ಲು. ವಾಘೋಲಿ ಕಡೆಯ ಕ್ವಾರಿಯದು. ಗೆಳೆಯನ ಟೆಂಪೋದಲ್ಲಿ ಬಂತು. ಒಳಗೆ ಅಲ್ಲಲ್ಲಿ ಬಿಳಿ ಚುಕ್ಕೆ ಇದೆ, ನಕ್ಷತ್ರದ ಹಾಗೆ. ಅದಕ್ಕೇ ಆಸೆಪಟ್ಟು ಆರಿಸಿದ್ದು.

ಕಲ್ಲುಹುಚ್ಚಿ, ಭಾನುವಾರ ಮಧ್ಯಾಹ್ನ 2:14

ವಾಘೋಲಿಯ ಕಲ್ಲನ್ನು ಉಜ್ಜಿ ಗುಂಡು ಮಾಡಿಬಿಟ್ಟಿರಾ?! ಕ್ಯಾವನ್ಸೈಟ್ ಅನ್ನುವ ನೀಲಿ ಖನಿಜಕ್ಕೆ ಆ ಊರು ಜಗತ್ತಿಗೇ ಹೆಸರುವಾಸಿ. ಒಡೆಯುವ ಮುಂಚೆ ಟೊಳ್ಳಿನೊಳಗೆ ಏನಿದೆ ಅಂತ ನೋಡಿದ್ದೀರಾ?

ಭೋಸರಿ_ಟರ್ನರ್, ಭಾನುವಾರ ಮಧ್ಯಾಹ್ನ 2:20

ನೀಲಿ ಏನೂ ಇರಲಿಲ್ಲ ಮೇಡಂ. ಬಿಳಿಯೇ. 70 ಮಿಮೀ ಚೌಕ ಕತ್ತರಿಸಿದಾಗ ಒಂದು ಕೆಜಿ ಇತ್ತು. ಗುಂಡು ಈಗ 360 ಗ್ರಾಂ. ಉಳಿದದ್ದೆಲ್ಲ ಕೆಸರಾಗಿ ಹೋಯಿತು, ಅದರಲ್ಲಿ ಹುಡುಕಲಿ ಬೇಕಾದರೆ.

ಕಲ್ಲುಹುಚ್ಚಿ, ಭಾನುವಾರ ಮಧ್ಯಾಹ್ನ 2:31

ಆ ಕೆಸರನ್ನು ಸೊಸೈಟಿಯ ಪೈಪಿಗೆ ಬಿಟ್ಟಿಲ್ಲ ತಾನೇ? ತಳದಲ್ಲಿ ಕೂತು ಗಟ್ಟಿಯಾಗುತ್ತದೆ. ನಾನು ಬಿಟ್ಟು, ಪ್ಲಂಬರ್‌ಗೆ ದುಡ್ಡು ಕೊಟ್ಟು, ಕೆಳಗಿನ ಮನೆಯ ಆಜಿ ಹತ್ತಿರ ಮರಾಠಿಯಲ್ಲಿ ಚೆನ್ನಾಗಿ ಬೈಸಿಕೊಂಡು ಕಲಿತಿದ್ದೇನೆ. ಬಕೆಟ್‌ನಲ್ಲಿ ಒಂದು ರಾತ್ರಿ ಇಡಿ, ತಿಳಿನೀರು ಚೆಲ್ಲಿ, ಕೆಸರು ಒಣಗಿಸಿ ಚೀಲಕ್ಕೆ ಹಾಕಿ. ಒಣಗಿದ್ದನ್ನು ಮುಟ್ಟುವಾಗ ಮಾಸ್ಕ್ ಹಾಕಿಕೊಳ್ಳಿ.

ವಾಸ್ಕೋ_ವೈಪರ್ (ಗೋವಾ), ಭಾನುವಾರ ಸಂಜೆ 6:50

ಗೋವಾದಲ್ಲಿ ಕೂತು "ಗುಂಡು" ಅನ್ನೋ ಶೀರ್ಷಿಕೆ ನೋಡಿ ಬೇರೆ ಏನೋ ಅಂದುಕೊಂಡು ಓಡಿ ಬಂದೆ. ನೋಡಿದರೆ ಕಲ್ಲು. ಇರಲಿ, ಇದೂ ಚಟವೇ.

ನನ್ನದು ಮೂರು ತಲೆಯ ಮಷಿನ್. ಹಳೆ ಕಾರುಗಳ ಮೂರು ವೈಪರ್ ಮೋಟರ್, 12 ವೋಲ್ಟ್, 120 ಡಿಗ್ರಿ ಅಂತರದಲ್ಲಿ. ಕಪ್‌ಗೆ ಜಿಐ ಪೈಪಿನ ಎಂಡ್ ಕ್ಯಾಪ್. ಕಂಪ್ಯೂಟರ್ ಸಪ್ಲೈಯಿಂದ ಕರೆಂಟ್. ಶಾಕ್ ಇಲ್ಲ, ಸುಡೋದಿಲ್ಲ, ಸದ್ದೂ ಇಲ್ಲ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ನೋಡಿದರೆ ಸಾಕು. ಹೋದ ಮಳೆಗಾಲದಲ್ಲಿ ಇಳಕಲ್ಲಿನ ಕೆಂಪು ಗ್ರಾನೈಟ್‌ದು 110 ಮಿಮೀ ಗುಂಡು ತೆಗೆದೆ. 1.85 ಕೆಜಿ. ಊರಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಿದ್ದ ನಮ್ಮ ಕಾಕಾ ಅದನ್ನು ಕೈಯಲ್ಲಿ ಹಿಡಿದು, "ಇಷ್ಟು ಸಣ್ಣದಕ್ಕೆ ಒಂದು ತಿಂಗಳಾ?" ಅಂದರು.

ಶಾಕ್_ಹೊಡೆದವನು, ಭಾನುವಾರ ಸಂಜೆ 7:02

12 ವೋಲ್ಟ್! ಕೊನೆಗೂ ಒಬ್ಬರು ಬುದ್ಧಿವಂತರು ಸಿಕ್ಕಿದರು. ಆದರೆ ಹಚ್ಚಿ ಮಲಗಬೇಡಿ.

ಘಾಟ್ಕೋಪರ್_ಪಾಲಿಶ್, ಭಾನುವಾರ ಸಂಜೆ 7:10

ವಾಸ್ಕೋ ಅವರೇ, ನೀವು ಯಾವ ಪೌಡರ್ ಹಾಕಿದ್ದು?

ವಾಸ್ಕೋ_ವೈಪರ್, ಭಾನುವಾರ ಸಂಜೆ 7:25

ಪೌಡರ್ ಬಿಡ್ರೀ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಹುಡುಗನಿಗೆ ಎರಡು ಕಡೆ ಕನ್ನಡಿ ಬಂದಿದೆ. ಪೌಡರ್ ಕೆಟ್ಟಿದ್ದರೆ ಎಲ್ಲಾ ಕಡೆ ಕೆಡಬೇಕಿತ್ತು, ಅಲ್ವಾ?

ತಮ್ಮಾ ಟರ್ನರ್, ಕಪ್‌ನ ಒಳ ಅಳತೆ ಎಷ್ಟು? ನೀನು ಲೇತ್‌ನವನು, ಮನೆಯಲ್ಲಿ ವರ್ನಿಯರ್ ಇದ್ದೇ ಇರುತ್ತದೆ. ಗುಂಡನ್ನು ಮೂರು ತರಹ ಅಳೆದು ಹೇಳು. ಕನ್ನಡಿಯಿಂದ ಕನ್ನಡಿಗೆ. ಪಟ್ಟಿಯ ಮೇಲೆ ಅಡ್ಡ. ಆಮೇಲೆ ಕನ್ನಡಿ ಮುಗಿದು ಪಟ್ಟಿ ಶುರುವಾಗುವ ಗೆರೆಯಿಂದ ಅದರ ಎದುರಿನ ಗೆರೆಗೆ, ಓರೆಯಾಗಿ.

ಭೋಸರಿ_ಟರ್ನರ್, ಭಾನುವಾರ ರಾತ್ರಿ 8:15

ಕಪ್ 44. ಕನ್ನಡಿಯಿಂದ ಕನ್ನಡಿಗೆ 62.0. ಪಟ್ಟಿ ಅಡ್ಡ 62.1. ಓರೆ 61.7. ಅಂದರೆ 0.4 ಫರಕು! ನಮ್ಮ ಶಾಪ್‌ನಲ್ಲಾದರೆ ಸೀದಾ ರಿಜೆಕ್ಷನ್ ಡಬ್ಬಿಗೆ. ಇದನ್ನು ನಾನು ಅಳೆದೇ ಇರಲಿಲ್ಲ, ಎರಡು ಕಡೆ ನೋಡಿ ಬಿಟ್ಟಿದ್ದೆ.

ವಾಸ್ಕೋ_ವೈಪರ್, ಭಾನುವಾರ ರಾತ್ರಿ 8:32

ಸಿಕ್ಕಿತು. ಕಪ್ ಅಳತೆ ಸರಿಯಾಗಿಯೇ ಇದೆ, ಗುಂಡಿನ ಮುಕ್ಕಾಲಿಗಿಂತ ತುಸು ಕಮ್ಮಿ. 62ರ ಗುಂಡಿನ ಮೇಲೆ 44ರ ಕಪ್ ಕೂತರೆ ಅದರ ಅಂಚು ನಡುವಿನಿಂದ 45 ಡಿಗ್ರಿ ಸುತ್ತ ಒಂದು ವರ್ತುಲದಲ್ಲಿ ತಾಗುತ್ತದೆ. ನಿನ್ನ ಗುಂಡು ಸವೆದಿರುವುದೂ ಸರಿಯಾಗಿ ಅಲ್ಲೇ. ಅಂದರೆ ಕಪ್‌ನ ಅಂಚು ಗಾಣದ ಎತ್ತಿನ ಹಾಗೆ ಒಂದೇ ದಾರಿ ಹಿಡಿದಿದೆ. ನಿನ್ನ ಗುಂಡು ಉರುಳುತ್ತಲೇ ಇಲ್ಲ. ಡ್ರಿಲ್ ಎರಡೂ ಒಂದೇ ನೇರಕ್ಕೆ ಇವೆಯಾ? ಮಧ್ಯೆ ಮಧ್ಯೆ ಕೈಯಿಂದ ಗುಂಡು ತಿರುಗಿಸುತ್ತೀಯಾ?

ಭೋಸರಿ_ಟರ್ನರ್, ಭಾನುವಾರ ರಾತ್ರಿ 8:41

ನೇರ ಅಂದರೆ ಪಕ್ಕಾ ನೇರ. ಡಯಲ್ ಗೇಜ್ ಇಟ್ಟು ಸೆಟ್ ಮಾಡಿದ್ದೇನೆ. ಒಂದು ಡ್ರಿಲ್ ಹಲಗೆಗೆ ಬಿಗಿ. ಇನ್ನೊಂದು ಡ್ರಾಯರ್ ಚಾನೆಲ್ ಮೇಲೆ, ಸೈಕಲ್ ಟ್ಯೂಬ್ ಕಟ್ಟಿ ಒತ್ತುವ ಹಾಗೆ. 80, 220ರಲ್ಲಿ ತಿರುಗಿಸುತ್ತಿದ್ದೆ. 400ರಿಂದ ಬಿಟ್ಟೆ. ಗುಂಡಿನ ಮೇಲೆ ಮಾರ್ಕರ್‌ನಿಂದ ಗುರುತು ಮಾಡಿಕೊಂಡು, ತೊಳೆದಮೇಲೆ ಪ್ರತಿ ಸಲ ಅದೇ ಗುರುತಿಗೆ ವಾಪಸ್ ಕೂರಿಸುತ್ತಿದ್ದೆ.

ಕಲ್ಲುಹುಚ್ಚಿ, ಭಾನುವಾರ ರಾತ್ರಿ 8:43

ಯಾಕೆ???

ಭೋಸರಿ_ಟರ್ನರ್, ಭಾನುವಾರ ರಾತ್ರಿ 8:47

ಲೇತ್‌ಗೆ ಕಟ್ಟಿದ ಜಾಬ್ (ಕೆಲಸದ ತುಂಡು) ಬಿಚ್ಚಿದರೆ ಅದೇ ಗುರುತಿಗೆ ಕಟ್ಟಬೇಕು, ಇಲ್ಲದಿದ್ದರೆ ಸೆಂಟರ್ ಹೋಗುತ್ತದೆ. 14 ವರ್ಷದಿಂದ ಹುಡುಗರಿಗೆ ಅದನ್ನೇ ಬೈದು ಬೈದು ಕಲಿಸಿದ್ದೇನೆ. ಇದು ಹೇಳಬೇಕಾದ ವಿಷಯ ಅಂತಲೇ ಅನಿಸಲಿಲ್ಲ.

ವಾಸ್ಕೋ_ವೈಪರ್, ಭಾನುವಾರ ರಾತ್ರಿ 9:05

ಅಲ್ಲೋ ತಮ್ಮಾ! ಲೇತ್‌ನ ಜಾಬ್‌ಗೆ ಸೆಂಟರ್ ಒಂದೇ ಗೆರೆಯ ಮೇಲೆ. ಗುಂಡಿಗೆ ಗುರುತೇ ಇರಬಾರದು. ಎಷ್ಟು ಸಲ ದಿಕ್ಕು ತಪ್ಪುತ್ತದೋ ಅಷ್ಟು ಗುಂಡಗೆ ಆಗುತ್ತದೆ. ಗೋಲಿ ಆಡಿಲ್ವಾ?

ಹೀಗೆ ಮಾಡು. ಮೊದಲು ಗುರುತು ಒರೆಸಿ ಹಾಕು. ಒಂದು ಡ್ರಿಲ್‌ನ ಹಿಂಬದಿಗೆ ಮರದ ತುಂಡು ಕೊಟ್ಟು ಸುಮಾರು 20 ಡಿಗ್ರಿ ಓರೆ ಮಾಡು. ಡಯಲ್ ಗೇಜ್‌ನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕು. ಎರಡು ಡ್ರಿಲ್‌ನ ವೇಗವೂ ಬೇರೆ ಬೇರೆ ಇರಲಿ. ಆಗ ಗುಂಡು ತಾನೇ ಹೊರಳಲು ಶುರುಮಾಡುತ್ತದೆ. ಆದರೂ ಎರಡು ತಲೆಯ ಮಷಿನ್ ಅನ್ನು ನಂಬಬೇಡ, ನಿಮಿಷಕ್ಕೊಮ್ಮೆ ನಿಲ್ಲಿಸಿ ಕೈಯಿಂದ ಹೊರಳಿಸು. 0.4 ತೆಗೆಯಬೇಕು ಅಂದರೆ ಪಾಲಿಶ್‌ನಲ್ಲಿ ಆಗದು, 220ಕ್ಕೆ ವಾಪಸ್ ಹೋಗಲೇಬೇಕು. ಬೈಕೋಬೇಡ.

ಉರುಳುತ್ತಿದೆಯೋ ಇಲ್ಲವೋ ನೋಡಲು, ಇಡೀ ಗುಂಡಿಗೆ ಮಾರ್ಕರ್ ಬಳಿ. ಐದು ನಿಮಿಷ ಓಡಿಸು. ಬಣ್ಣ ಎಲ್ಲಿ ಉಳಿಯಿತೋ ಅಲ್ಲಿ ಕಪ್ ಹೋಗಿಲ್ಲ. ನಿಮ್ಮ ಶಾಪ್‌ನಲ್ಲಿ ಬ್ಲೂ ಹಚ್ಚಿ ನೋಡುತ್ತೀರಲ್ಲ, ಅದೇ.

ಘಾಟ್ಕೋಪರ್_ಪಾಲಿಶ್, ಭಾನುವಾರ ರಾತ್ರಿ 9:30

ಇದನ್ನು ಒಪ್ಪುತ್ತೇನೆ. ಖಂಭಾತ್‌ನಲ್ಲಿ ಹಿಂದೆ ಅಗೇಟ್ ಮಣಿಗಳನ್ನು ಚರ್ಮದ ಚೀಲಕ್ಕೆ ತುಂಬಿ ಇಬ್ಬರು ದಿನಗಟ್ಟಲೆ ಅತ್ತಿತ್ತ ಉರುಳಿಸುತ್ತಿದ್ದರು. ಯಾವ ಮಣಿ ಯಾವ ಕಡೆ ಹೊರಳಿತು ಅಂತ ಯಾರೂ ಗುರುತು ಮಾಡುತ್ತಿರಲಿಲ್ಲ. ಹಾಗಂತ ಪೌಡರ್ ಸರಿ ಇದೆ ಅಂತ ನಾನು ಹೇಳುತ್ತಿಲ್ಲ.

ಭೋಸರಿ_ಟರ್ನರ್, ಗುರುವಾರ ರಾತ್ರಿ 9:50

ಗುರುವಾರ ನಮಗೆ ವಾರದ ರಜೆ. ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ, ಮಧ್ಯಾಹ್ನ ಬಂದಮೇಲೆ ಕೂತೆ.

ಮಾರ್ಕರ್ ಬಳಿದು ನೋಡಿದೆ. ಮೊದಲು ಹಳೆ ಸೆಟಿಂಗ್‌ನಲ್ಲೇ ಓಡಿಸಿದೆ: ಎರಡು ಉಂಗುರ ಮಾತ್ರ ಅಳಿಸಿದ್ದವು, ಉಳಿದದ್ದೆಲ್ಲ ನೀಲಿ. ನೋಡಿ ನಾಚಿಕೆ ಆಯಿತು. ಓರೆ ಮಾಡಿದಮೇಲೆ ಐದು ನಿಮಿಷಕ್ಕೆ ಒಂದು ಚುಕ್ಕೆ ನೀಲಿ ಇಲ್ಲ. 220ರಲ್ಲಿ ಮೂರು ಗಂಟೆ. ಈಗ ಎಲ್ಲಿ ಅಳೆದರೂ 61.5, ಫರಕು 0.05ರ ಒಳಗೆ. ಫ್ಯಾನ್ ರೆಗ್ಯುಲೇಟರ್ ತೆಗೆದು, ತಪಕೀರ್ ಗಲ್ಲಿಯಿಂದ ಡ್ರಿಲ್‌ಗೆ ತಡೆಯುವ ಡಿಮ್ಮರ್ ತಂದಿದ್ದೇನೆ. ಅರ್ಧ ಗಂಟೆ ಓಡಿಸಿ ಹತ್ತು ನಿಮಿಷ ಬಿಡುತ್ತೇನೆ.

ಶಾಕ್_ಹೊಡೆದವನು, ಗುರುವಾರ ರಾತ್ರಿ 9:58

ಬಿಡುವ ಹತ್ತು ನಿಮಿಷದಲ್ಲಿ ಲೋಡ್ ಇಲ್ಲದೆ ಫುಲ್ ಸ್ಪೀಡ್ ಓಡಿಸಿ. ಫ್ಯಾನ್ ಗಾಳಿಗೆ ಬೇಗ ತಣಿಯುತ್ತದೆ.

ಭೋಸರಿ_ಟರ್ನರ್, ಮುಂದಿನ ಮಂಗಳವಾರ ರಾತ್ರಿ 10:20

ಪಟ್ಟಿ ಹೋಯಿತು! ಪೂರ್ತಿ ಹೊಳಪು. ಅದೇ ಪೌಡರ್, ಘಾಟ್ಕೋಪರ್ ಸರ್.

ಆದರೆ ಹೊಸ ತೊಂದರೆ. ನಕ್ಷತ್ರ ಅಂದೆನಲ್ಲ, ಆ ಬಿಳಿ ಚುಕ್ಕೆಗಳೆಲ್ಲ ಈಗ ಗುಳಿ. ಬೆರಳಾಡಿಸಿದರೆ ಸಿಡುಬಿನ ಕಲೆ ಮುಟ್ಟಿದ ಹಾಗೆ ಆಗುತ್ತದೆ.

ಕಲ್ಲುಹುಚ್ಚಿ, ಮಂಗಳವಾರ ರಾತ್ರಿ 10:41

ಅದು ಆಗಲೇಬೇಕಿತ್ತು. 6.6 ಕೋಟಿ ವರ್ಷದ ಹಿಂದೆ ಲಾವಾ ಆರುವಾಗ ಉಳಿದ ಗುಳ್ಳೆಗಳು ಅವು. ಆಮೇಲೆ ಅವುಗಳೊಳಗೆ ಜಿಯೊಲೈಟ್ ಜಾತಿಯ ಖನಿಜ ತುಂಬಿಕೊಂಡಿದೆ. ನಿಮ್ಮದು ಬಹುಶಃ ಸ್ಟಿಲ್ಬೈಟ್, ಗಡಸುತನ (ವಜ್ರಕ್ಕೆ 10 ಅನ್ನುವ ಲೆಕ್ಕದಲ್ಲಿ) 3.5ರಿಂದ 4. ಸುತ್ತಲಿನ ಕರಿ ಕಲ್ಲು 6ರ ಹತ್ತಿರ. ಬಿಡಿ ಪೌಡರ್ ಮೆತ್ತನೆಯದನ್ನು ಮೊದಲು ತಿನ್ನುತ್ತದೆ. ಫೆಲ್ಟ್ ಮೆತ್ತಗಿರುವುದರಿಂದ ಗುಳಿಯೊಳಗೂ ಇಳಿದು ಇನ್ನಷ್ಟು ತೋಡುತ್ತದೆ.

600ರಿಂದ ಮುಂದೆ ಡೈಮಂಡ್ ಪೇಸ್ಟ್, ಫೆಲ್ಟ್ ಬದಲು ಗಟ್ಟಿ ಚರ್ಮ. ಗುಳಿ ಕಮ್ಮಿ ಆಗುತ್ತದೆ, ಪೂರ್ತಿ ಹೋಗುವುದಿಲ್ಲ.

ಘಾಟ್ಕೋಪರ್_ಪಾಲಿಶ್, ಮಂಗಳವಾರ ರಾತ್ರಿ 10:50

ಗುಳಿಗೆ ಅರಾಲ್ಡೈಟ್ ತುಂಬಿ ಉಜ್ಜಿ. ಯಾರಿಗೂ ಗೊತ್ತಾಗುವುದಿಲ್ಲ.

ಕಲ್ಲುಹುಚ್ಚಿ, ಮಂಗಳವಾರ ರಾತ್ರಿ 10:52

ನನಗೆ ಗೊತ್ತಾಗುತ್ತದೆ.

ಘಾಟ್ಕೋಪರ್_ಪಾಲಿಶ್, ಮಂಗಳವಾರ ರಾತ್ರಿ 10:55

ನೀವು ಅವರ ಮನೆಗೆ ಹೋಗಿ ಭೂತಗನ್ನಡಿ ಹಿಡಿದು ನೋಡುತ್ತೀರಾ? ಕೆಲಸ ಆಗಬೇಕೋ ಶಾಸ್ತ್ರ ಬೇಕೋ?

ಭೋಸರಿ_ಟರ್ನರ್, ಮಂಗಳವಾರ ರಾತ್ರಿ 11:15

ಜಗಳ ಬೇಡ. ಮಗಳಿಗೆ ಗುಳಿ ಇರೋದೇ ಇಷ್ಟವಂತೆ, ಚಂದ್ರ ಅಂತ ಹೆಸರಿಟ್ಟು ಟಿವಿ ಪಕ್ಕ ಇಟ್ಟುಕೊಂಡಿದ್ದಾಳೆ. ಇದನ್ನು ಇನ್ನು ಮುಟ್ಟುವ ಹಾಗಿಲ್ಲ.

ವಾಸ್ಕೋ ಅಣ್ಣ, ಆ ಇಳಕಲ್ ಕೆಂಪು ಕಲ್ಲಿನ ಚೂರು ಉಳಿದಿದೆಯಾ? 80 ಮಿಮೀ ಚೌಕ ಬಂದರೂ ಸಾಕು.

ವಾಸ್ಕೋ_ವೈಪರ್, ಬುಧವಾರ ಬೆಳಿಗ್ಗೆ 6:30

ಇದೆ. ಗಣೇಶನ ಹಬ್ಬಕ್ಕೆ ಊರಿಗೆ ಹೋಗುವಾಗ ಇನ್ನೂ ತರುತ್ತೇನೆ. ಪುಣೆ ಬಸ್ಸಿಗೆ ಹಾಕಿ ಕಳಿಸುತ್ತೇನೆ, ಸ್ವಾರ್‌ಗೇಟ್‌ನಲ್ಲಿ ಇಳಿಸಿಕೋ. ಅಷ್ಟರೊಳಗೆ ಮೂರನೇ ಮೋಟರ್ ಜೋಡಿಸಿಕೊಂಡಿರು. ಗ್ರಾನೈಟ್‌ನಲ್ಲಿ ಕ್ವಾರ್ಟ್ಜ್ ಇದೆ, ಗಡಸುತನ 7. ಅದಕ್ಕೆ ನಿಮಿಷಕ್ಕೊಮ್ಮೆ ಕೈಯಿಂದ ಹೊರಳಿಸುತ್ತಾ ಕೂತರೆ ಕೆಲಸಕ್ಕೆ ರಜೆ ಹಾಕಬೇಕಾಗುತ್ತದೆ.