ಸಂಜೆಯಾದರೆ ತೆವಳುವ ಬಿಲ್ಲಿಂಗ್ ಪ್ರೋಗ್ರಾಂ: ಮೆಮೊರಿ ಸೋರಿಕೆ ಎಲ್ಲಿ ಹುಡುಕಲಿ?

ಕೇಳಿದವರು: ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರ ತೂಕ, ಬಿಲ್ಲಿನ ಪ್ರೋಗ್ರಾಂ ನೋಡಿಕೊಳ್ಳುತ್ತೇನೆ. ಸಿ ಶಾರ್ಪ್ ಭಾಷೆ, ಕಿಟಕಿಗಳಿಗೆ ವಿನ್‌ಫಾರ್ಮ್ಸ್. ಬೆಳಿಗ್ಗೆ ಚೆನ್ನಾಗಿಯೇ ಓಡುತ್ತದೆ. ಸುಗ್ಗಿಯಲ್ಲಿ ಸಂಜೆಯಾದರೆ ನಿಧಾನ. ಒಮ್ಮೊಮ್ಮೆ ಗ್ರಿಡ್ ಜಾಗದಲ್ಲಿ ಬಿಳಿ ಚೌಕ, ಅದರ ಮೇಲೆ ಕೆಂಪು ಇಂಟು ಮಾರ್ಕ್. ರ‍್ಯಾಮ್ ಜಾಸ್ತಿ ಹಾಕಿಸಿದ್ದಾಯ್ತು. ಬಳಸಿ ಬಿಟ್ಟ ಮೆಮೊರಿಯನ್ನು ತಾನೇ ಬಿಡಿಸುವ ಗಾರ್ಬೇಜ್ ಕಲೆಕ್ಟರ್ ಇರುವಾಗ ಸೋರಿಕೆ ಹೇಗಾಗುತ್ತೆ ಅಣ್ಣಾ?

ವಿದ್ಯಾನಗರದಿಂದ ಒಬ್ಬರು: ಮೊದಲು ಆ ಇಂಟು ಮಾರ್ಕ್ ಹಿಡಿಯಿರಿ. ಚಿತ್ರ ಬಿಡಿಸುವಾಗ ಎಕ್ಸೆಪ್ಶನ್ (ದೋಷ) ಬಂದರೆ ವಿನ್‌ಫಾರ್ಮ್ಸ್ ಹಾಗೆ ತೋರಿಸುತ್ತದೆ. ಬೇರೆ ಕಾರಣವೂ ಇರಬಹುದು, ಆದರೆ ಸಂಜೆಗೇ ಬರುತ್ತದೆ ಅಂದರೆ ನನ್ನ ಅನುಮಾನ ಜಿಡಿಐ ಮೇಲೆ, ಅಂದರೆ ವಿಂಡೋಸ್‌ನ ಚಿತ್ರ ಬಿಡಿಸುವ ಭಾಗದ ಮೇಲೆ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಕಾಲಂ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಜಿಡಿಐ ಆಬ್ಜೆಕ್ಟ್ಸ್ ಸೇರಿಸಿ. ವಿಂಡೋಸ್ ಸಾಮಾನ್ಯವಾಗಿ ಒಂದು ಪ್ರೋಗ್ರಾಂಗೆ ಕೊಡುವುದು ಇಂಥ 10,000 ಆಬ್ಜೆಕ್ಟ್ ಮಾತ್ರ. ರ‍್ಯಾಮ್ ಎಷ್ಟೇ ಇರಲಿ, ಅದು ಮುಗಿದರೆ ಮುಗಿಯಿತು. ಬಿಲ್ಲಿಗೆ ಕ್ಯೂಆರ್ ಚಿತ್ರ ಹಾಕಲು ಗೆಟ್‌ಎಚ್‌ಬಿಟ್‌ಮ್ಯಾಪ್ ಕರೆದಿದ್ದೀರಾ? ಅದು ಕೊಡುವ ಹ್ಯಾಂಡಲ್ (ಚಿತ್ರದ ಗುರುತಿನ ಸಂಖ್ಯೆ) ಕಲೆಕ್ಟರ್ ಕಣ್ಣಿಗೆ ಬೀಳುವುದೇ ಇಲ್ಲ. ಡಿಲೀಟ್‌ಆಬ್ಜೆಕ್ಟ್ ನೀವೇ ಕರೆಯಬೇಕು. ಇನ್ನೊಂದು, ಶೋಡಯಲಾಗ್‌ನಿಂದ ತೆರೆದ ಫಾರ್ಮ್ ಮುಚ್ಚಿದರೂ ಡಿಸ್ಪೋಸ್ ಆಗುವುದಿಲ್ಲ (ಹಿಡಿದಿದ್ದನ್ನು ಬಿಟ್ಟುಕೊಡುವುದಿಲ್ಲ), ಮರೆಯಾಗುತ್ತದೆ ಅಷ್ಟೆ. ಯೂಸಿಂಗ್ ಒಳಗೆ ಹಾಕಿ, ಕೆಲಸ ಮುಗಿದಾಗ ಅದೇ ಡಿಸ್ಪೋಸ್ ಮಾಡುತ್ತದೆ.

ಚಳ್ಳಕೆರೆಯಿಂದ ಒಬ್ಬರು: ಇಲ್ಲಿ ಶೇಂಗಾ ಎಣ್ಣೆ ಗಿರಣಿಯ ಹಳೇ ಪ್ರೋಗ್ರಾಂನಲ್ಲಿ ನಮಗೆ ಸಿಕ್ಕಿದ್ದು ಈವೆಂಟ್. ತೂಕ ಓದುವ ಕ್ಲಾಸಿನದು ಸ್ಟ್ಯಾಟಿಕ್ ಈವೆಂಟ್, ಅಂದರೆ ಪ್ರೋಗ್ರಾಂ ಓಡುವಷ್ಟು ಹೊತ್ತೂ ಉಳಿದು, ತೂಕ ಬದಲಾದಾಗ ಸುದ್ದಿ ಕೊಡುವಂಥದ್ದು. ಪ್ರತಿ ಬಿಲ್ ಕಿಟಕಿಯೂ ಅದಕ್ಕೆ ಜೋತುಬೀಳುತ್ತಿತ್ತು. ಕಿಟಕಿ ಮುಚ್ಚಿದರೂ ಈವೆಂಟ್ ಕೈಬಿಡದು, ಹಾಗಾಗಿ ಕಲೆಕ್ಟರ್ ಅದನ್ನು ಮುಟ್ಟದು. ಒಂದು ಸಲ ತೂಕ ಬದಲಾದರೆ ಮುಚ್ಚಿದ ಕಿಟಕಿಗಳೆಲ್ಲ ಲೆಕ್ಕ ಮಾಡಲು ಕೂರುತ್ತಿದ್ದವು! ನಿಧಾನ ಆಗದೆ ಇನ್ನೇನಾಗುತ್ತೆ? ವಿಷುಯಲ್ ಸ್ಟುಡಿಯೋದಲ್ಲಿ ಒಂದು ಮೆಮೊರಿ ಸ್ನ್ಯಾಪ್‌ಶಾಟ್ (ಆ ಕ್ಷಣ ಮೆಮೊರಿಯಲ್ಲಿ ಏನೇನಿದೆ ಎಂಬ ಪಟ್ಟಿ) ತೆಗೆಯಿರಿ. ಅದೇ ಫಾರ್ಮ್ ಹತ್ತು ಸಲ ತೆರೆದು ಮುಚ್ಚಿ, ಇನ್ನೊಂದು ತೆಗೆದು ಹೋಲಿಸಿ. ಫಾರ್ಮ್ ಹತ್ತು ಉಳಿದಿದ್ದರೆ ಯಾರು ಹಿಡಿದಿದ್ದಾರೆ ಅಂತ ಪಾತ್ಸ್ ಟು ರೂಟ್ ತೋರಿಸುತ್ತದೆ. ಫಾರ್ಮ್‌ಕ್ಲೋಸ್ಡ್‌ನಲ್ಲಿ ಮೈನಸ್ ಈಕ್ವಲ್ (-=) ಹಾಕಿ ಫಾರ್ಮನ್ನು ಈವೆಂಟ್‌ನಿಂದ ಬಿಡಿಸಿ. ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್) ಬರೆದಿದ್ದರೆ ವೇರಿಯಬಲ್‌ನಲ್ಲಿಟ್ಟುಕೊಳ್ಳಿ. ಮತ್ತೆ ಅದನ್ನೇ ಬರೆದು ತೆಗೆಯಲು ಹೋದರೆ ಹೋಗುವುದಿಲ್ಲ.

ಚಿತ್ರದುರ್ಗದಿಂದ ಇನ್ನೊಬ್ಬರು: ವಿನ್‌ಫಾರ್ಮ್ಸ್ ಬದಲು ಕ್ಯೂಟಿಯಲ್ಲಿ (ಸಿ++ನಲ್ಲಿ ಕಿಟಕಿ ಕಟ್ಟುವ ಲೈಬ್ರರಿ) ಬರೆಯುವವರಿಗೆ ಎರಡು ಮಾತು. ವಿಜೆಟ್‌ಗೆ (ಕಿಟಕಿಯ ಬಟನ್, ಪಟ್ಟಿಯಂಥ ಭಾಗಕ್ಕೆ) ಪೇರೆಂಟ್ ಕೊಡಿ, ಪೇರೆಂಟ್ ಅಳಿದಾಗ ಅದೂ ಅಳಿಯುತ್ತದೆ. ಲಿನಕ್ಸ್‌ನಲ್ಲಿ ಸೋರಿಕೆ ಹುಡುಕಲು ಹೀಪ್‌ಟ್ರ್ಯಾಕ್ ಓಡಿಸಿ, ಅಂಥದ್ದೇ ಸಾಧನವಾದ ವಾಲ್‌ಗ್ರೈಂಡ್‌ಗಿಂತ ಬೇಗ ಕೆಲಸ ಆಗುತ್ತದೆ.

ವಿದ್ಯಾನಗರದವರೇ: ಸುಗ್ಗಿ ಮುಗಿಯುವ ತನಕ ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ ಮುಚ್ಚಿ ತೆರೆಯಲು ಹೇಳಿ. ಪರಿಹಾರವಲ್ಲ, ಒಪ್ಪುತ್ತೇನೆ. ಆದರೆ ಲಾರಿ ನಿಂತಿರುವಾಗ ಕೋಡ್‌ಗೆ ಕೈ ಹಾಕುವುದಕ್ಕಿಂತ ವಾಸಿ.

ಕೇಳಿದವರು: ಕಾಲಂ ಹಾಕಿ ನೋಡಿದೆ. ಪ್ರತಿ ಬಿಲ್ ಪ್ರಿಂಟ್‌ಗೂ ಜಿಡಿಐ ಏರುತ್ತಿದೆ, ಇಳಿಯುತ್ತಲೇ ಇಲ್ಲ. ಮೊದಲು ಕ್ಯೂಆರ್ ಕಡೆ ಹೋಗುತ್ತೇನೆ. ಈವೆಂಟ್ ಆಮೇಲೆ.